ನೀರು ತಿಳಿಯಾಗಿದೆ, ಒರಾಂಡಾ ಮಾತ್ರ ತಳ ಬಿಟ್ಟು ಏಳುತ್ತಿಲ್ಲ

ಒರಾಂಡಾ_ಅಭಿಮಾನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ.

ಟ್ಯಾಂಕ್ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ನೀರು 35 ಸೆಂ.ಮೀ. ತನಕ ಇದೆ. ಅಂದರೆ ಸುಮಾರು 140 ಲೀಟರ್. ಮೂರೇ ಗೋಲ್ಡ್ ಫಿಶ್: ಒಂದು ಕೆಂಪು ಟೋಪಿಯ ಒರಾಂಡಾ, ಒಂದು ರ್‍ಯುಕಿನ್, ಒಂದು ಬ್ಲ್ಯಾಕ್ ಮೂರ್. ಹಿಂದೆ ನೇತುಹಾಕುವ ಫಿಲ್ಟರ್ ಒಂದು, ಸ್ಪಾಂಜ್ ಫಿಲ್ಟರ್ ಒಂದು. ಟ್ಯಾಂಕ್ ಹೊಸದೇನಲ್ಲ, ಕೆಲವು ವರ್ಷದಿಂದ ಹೀಗೇ ನಡೆದಿದೆ. ಆವಿಯಾದಷ್ಟು ನೀರು ಆಗಾಗ ತುಂಬುತ್ತೇನೆ, ತಿಂಗಳಿಗೊಮ್ಮೆ ಕಾಲು ಭಾಗ ಬದಲಿಸುತ್ತೇನೆ.

ಈಗ ಒರಾಂಡಾ ಒಂದು ಮೂಲೆಯಲ್ಲಿ ತಳಕ್ಕೆ ಹೊಟ್ಟೆ ಊರಿ ಕೂತುಬಿಟ್ಟಿದೆ. ಬೆನ್ನಿನ ರೆಕ್ಕೆ ಮಡಚಿಕೊಂಡಿದೆ. ಊಟ ಹಾಕಿದರೆ ಎದ್ದು ಬರುತ್ತದೆ, ಎರಡು ಕಾಳು ತಿಂದು ಮತ್ತೆ ಹೋಗಿ ಕೂರುತ್ತದೆ. ರ್‍ಯುಕಿನ್‌ದು ಬೇರೆಯೇ ಕಥೆ. ತಿಂದ ಮೇಲೆ ಹಿಂಭಾಗ ಮೇಲೆದ್ದು ತಲೆ ಕೆಳಗಾಗುತ್ತದೆ, ಅರ್ಧ ಗಂಟೆ ಬಿಟ್ಟು ಸರಿಹೋಗುತ್ತದೆ. ಮೂರ್ ಆರಾಮಾಗಿದೆ ಅನ್ನಿಸುತ್ತದೆ. ನೀರು ಮಾತ್ರ ತುಂಬಾ ತಿಳಿಯಾಗಿದೆ, ವಾಸನೆಯೂ ಇಲ್ಲ. ಏನು ನೋಡಲಿ?

ರಾಂಚು_ಗೆಳೆಯ

ಎರಡಕ್ಕೂ ಹೊಟ್ಟೆ ಕಟ್ಟಿರಬಹುದು. ಒಂದು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಕೊಡಿ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿ ನೋಡಿ, ಮೀನಿಗೆ ಸ್ವಲ್ಪ ಆರಾಮ ಸಿಗುತ್ತದೆ.

ತಿಳಿನೀರು

ಉಪವಾಸ ಸರಿ. ಉಪ್ಪು ಈಗಲೇ ಬೇಡ, ಮುಂದೆ ಬೇಕಾಗಬಹುದು. ಮೊದಲು ನೀರಿನ ಲೆಕ್ಕ ಹೇಳಿ.

ತಿಳಿ ನೀರು ಅಂದ ತಕ್ಷಣ ಒಳ್ಳೆ ನೀರು ಅಂತಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ನೈಟ್ರೈಟ್, ನೈಟ್ರೇಟ್ ಕೂಡ ಕಣ್ಣಿಗೆ ಕಾಣುವುದಿಲ್ಲ. ತಳದಲ್ಲಿ ಕೂರುವುದು, ರೆಕ್ಕೆ ಮಡಚುವುದು, ಊಟದಲ್ಲಿ ಆಸಕ್ತಿ ಕಡಿಮೆ ಆಗುವುದು, ಇವು ಯಾವ ಕಾಯಿಲೆಗೂ ಬರಬಹುದಾದ ಲಕ್ಷಣಗಳು. ಮೀನಿಗೆ ಹಿತ ಇಲ್ಲ ಅಂತ ಮಾತ್ರ ಅವು ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ.

ಪಟ್ಟಿ ಅದ್ದುವ ಟೆಸ್ಟ್ ಅಲ್ಲ, ಹನಿ ಹಾಕಿ ನೋಡುವ ಕಿಟ್ ಬಳಸಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಬೇಕು. ಜೊತೆಗೆ ಕೆಎಚ್ (ನೀರಿನಲ್ಲಿರುವ ಕಾರ್ಬೊನೇಟ್ ಅಳತೆ) ಖಂಡಿತ ಬೇಕು. ಅದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಟ್ಯಾಂಕಿನ ನೀರು ಒಂದು ಸಲ ನೋಡಿ, ನಲ್ಲಿ ನೀರು ಇನ್ನೊಂದು ಸಲ. ನಲ್ಲಿ ನೀರನ್ನು ಒಂದು ಲೋಟದಲ್ಲಿ 24 ಗಂಟೆ ಬಿಟ್ಟು ಆಮೇಲೆ ಪಿಎಚ್ ನೋಡಿ. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದ ಮೇಲೇ ನಿಜವಾದ ಪಿಎಚ್ ಗೊತ್ತಾಗುವುದು.

ಅಲ್ಲಿಯ ತನಕ ಊಟ ನಿಲ್ಲಿಸಿ. ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡುವ ಕಲ್ಲು) ಇದ್ದರೆ ಇನ್ನೊಂದು ಹಾಕಿ. ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಲು ಮಾತ್ರ ಹೋಗಬೇಡಿ, ದಯವಿಟ್ಟು.

ಒರಾಂಡಾ_ಅಭಿಮಾನಿ

ನೋಡಿದೆ ಮೇಡಂ.

ಟ್ಯಾಂಕ್: ಅಮೋನಿಯಾ 4 ಪಿಪಿಎಂ (ಅಂದರೆ ಲೀಟರಿಗೆ 4 ಮಿ.ಗ್ರಾಂ), ನೈಟ್ರೈಟ್ 0, ನೈಟ್ರೇಟ್ 80ಕ್ಕಿಂತ ಜಾಸ್ತಿ, ಪಿಎಚ್ 6.0 (ಕಿಟ್‌ನಲ್ಲಿ ಅದಕ್ಕಿಂತ ಕೆಳಗಿನ ಬಣ್ಣವೇ ಇಲ್ಲ). ಕೆಎಚ್ ಮೊದಲ ಹನಿಗೇ ಬಣ್ಣ ತಿರುಗಿತು.

ಒಂದು ದಿನ ಇಟ್ಟ ನಲ್ಲಿ ನೀರು: ಅಮೋನಿಯಾ 0, ನೈಟ್ರೇಟ್ 0, ಪಿಎಚ್ 7.6, ಕೆಎಚ್ 3 ಹನಿ. ಟ್ಯಾಂಕಿನ ಉಷ್ಣತೆ 25 ಡಿಗ್ರಿ.

ಇಷ್ಟು ಹಳೆಯ ಟ್ಯಾಂಕಿನಲ್ಲಿ ಅಮೋನಿಯಾ ಎಲ್ಲಿಂದ ಬಂತು? ಫಿಲ್ಟರ್ ಓಡುತ್ತಲೇ ಇದೆಯಲ್ಲ.

ಹಳೇ_ಟ್ಯಾಂಕ್

ನಿಮ್ಮ ಪ್ರಶ್ನೆಗೆ ಉತ್ತರ ಆ ಒಂದೇ ಹನಿಯಲ್ಲಿ ಇದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಗೋಲ್ಡ್ ಫಿಶ್ ಇಟ್ಟವರಲ್ಲಿ ಹಳೆಯ ಟ್ಯಾಂಕಿನ ಮೀನು ಕಳೆದುಕೊಳ್ಳುವವರು ಬಹಳ ಸಲ ಇಲ್ಲೇ ಸೋಲುತ್ತಾರೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಹಿಕ್ಕೆ, ಉಳಿದ ಊಟ ಕೊಳೆತರೂ ಅದೇ. ಫಿಲ್ಟರಿನ ಸ್ಪಾಂಜಿನಲ್ಲಿ ಕೂತ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆ ಆಮ್ಲವನ್ನು ನುಂಗುವುದು ನೀರಿನಲ್ಲಿರುವ ಕಾರ್ಬೊನೇಟ್. ಅದರ ಅಳತೆಯೇ ಕೆಎಚ್. ಕೆಎಚ್ ನೀರಿನ ಉಳಿತಾಯ ಖಾತೆ ಇದ್ದ ಹಾಗೆ. ಖಾತೆಯಲ್ಲಿ ದುಡ್ಡು ಇರುವ ತನಕ ಪಿಎಚ್ ಅಲ್ಲಾಡುವುದಿಲ್ಲ, ಖಾಲಿಯಾದ ದಿನ ಧಡ್ ಅಂತ ಬೀಳುತ್ತದೆ.

ಎಷ್ಟು ಖರ್ಚಾಗುತ್ತದೆ ಅಂತಲೂ ಲೆಕ್ಕ ಹಾಕಬಹುದು. ಬ್ಯಾಕ್ಟೀರಿಯಾ 1 ಮಿ.ಗ್ರಾಂ ಅಮೋನಿಯಾ ಸಾರಜನಕ ಮುಗಿಸಲು ಸುಮಾರು 7 ಮಿ.ಗ್ರಾಂ ಕ್ಷಾರತೆ (ಆಮ್ಲ ನುಂಗುವ ಶಕ್ತಿ) ತಿನ್ನುತ್ತದೆ. ನಮ್ಮ ಕಿಟ್ ಭಾಷೆಯಲ್ಲಿ ಹೇಳಿದರೆ, ನೈಟ್ರೇಟ್ 11 ಪಿಪಿಎಂ ಏರುವಷ್ಟರಲ್ಲಿ ಕೆಎಚ್ 1 ಡಿಗ್ರಿ ಇಳಿಯುತ್ತದೆ. ನಿಮ್ಮ ನಲ್ಲಿ ನೀರಿನ ಕೆಎಚ್ 3. ಅಂದರೆ ನೈಟ್ರೇಟ್ 33 ಮುಟ್ಟುವ ಹೊತ್ತಿಗೆ ಖಾತೆ ಖಾಲಿ. ನಿಮ್ಮ ಟ್ಯಾಂಕ್ ಆ ಗೆರೆ ದಾಟಿ ಎಷ್ಟೋ ದೂರ ಬಂದಿದೆ. ಆವಿಯಾದ ನೀರು ತುಂಬಿದಾಗ, ತಿಂಗಳಿಗೊಮ್ಮೆ ಬದಲಿಸಿದಾಗ ಒಂದಿಷ್ಟು ಜಮೆ ಆಗಿದೆ. ಖರ್ಚು ಮಾತ್ರ ಅದಕ್ಕಿಂತ ಜಾಸ್ತಿ ಇತ್ತು.

ಪಿಎಚ್ 6.5ರಿಂದ ಕೆಳಗೆ ಇಳಿದರೆ ಈ ಬ್ಯಾಕ್ಟೀರಿಯಾ ಮಂಕಾಗುತ್ತವೆ. 6ರ ಹತ್ತಿರ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಫಿಲ್ಟರಿನ ಮೋಟಾರ್ ಓಡುತ್ತದೆ, ನೀರು ಸುರಿಯುತ್ತದೆ, ಒಳಗೆ ಕೆಲಸಗಾರರಿಲ್ಲ. ನೈಟ್ರೈಟ್ 0 ಬಂದಿರುವುದು ಎರಡನೇ ಹಂತ ಚೆನ್ನಾಗಿದೆ ಅಂತಲ್ಲ, ಮೊದಲ ಹಂತವೇ ನಿಂತಿದೆ ಅಂತ.

ಮೊದಲ_ಮೀನು

ನಾನು ಈ ಹವ್ಯಾಸಕ್ಕೆ ಹೊಸಬಳು, ಸುಮ್ನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಹಾಗಾದರೆ ಅಡುಗೆ ಸೋಡಾ ಹಾಕಿ ಪಿಎಚ್ ಮೇಲೆತ್ತಿ, ಮುಕ್ಕಾಲು ಭಾಗ ನೀರು ಬದಲಿಸಿದರೆ ಒಂದೇ ದಿನದಲ್ಲಿ ಮುಗಿಯಿತಲ್ಲ? ತಿಳಿನೀರು ಅವರು ಯಾಕೆ ಬೇಡ ಅಂದರು?

ತಿಳಿನೀರು

ಒಳ್ಳೆ ಪ್ರಶ್ನೆ. ಹಾಗೆ ಮಾಡಿದ ದಿನವೇ ಮೀನು ಸಾಯುವುದು.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ವಿಷದ ರೂಪ. ಇನ್ನೊಂದು ಅಮೋನಿಯಂ, ಅದು ಅಷ್ಟು ಅಪಾಯದ್ದಲ್ಲ. ಕಿಟ್ ಎರಡನ್ನೂ ಸೇರಿಸಿ ತೋರಿಸುತ್ತದೆ. ಯಾವುದು ಎಷ್ಟಿದೆ ಅನ್ನುವುದನ್ನು ಪಿಎಚ್ ಮತ್ತು ಉಷ್ಣತೆ ತೀರ್ಮಾನಿಸುತ್ತವೆ. 25 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ವಿಷದ ಪಾಲು ಶೇ. 0.06 ಕೂಡ ಇಲ್ಲ. ಪಿಎಚ್ 7ಕ್ಕೆ ಬಂದರೆ ಶೇ. 0.6ರ ಹತ್ತಿರ. 8ಕ್ಕೆ ಹೋದರೆ ಶೇ. 5 ದಾಟುತ್ತದೆ. ಪಿಎಚ್ ಒಂದು ಮೆಟ್ಟಿಲು ಏರಿದರೆ ವಿಷ ಹೆಚ್ಚುಕಡಿಮೆ ಹತ್ತು ಪಟ್ಟು.

ಈ ಟ್ಯಾಂಕಿನ 4 ಪಿಪಿಎಂ ಅನ್ನೇ ತೆಗೆದುಕೊಳ್ಳಿ. ಈಗ ಅದರಲ್ಲಿ ವಿಷದ ಅಮೋನಿಯಾ 0.002 ಪಿಪಿಎಂ ಸುಮಾರು. ಅದಕ್ಕೇ ಮೀನು ಬದುಕಿವೆ. ಸೋಡಾ ಸುರಿದು ಪಿಎಚ್ 8ಕ್ಕೆ ಎತ್ತಿದರೆ ಅದೇ ನೀರಿನಲ್ಲಿ 0.2 ಪಿಪಿಎಂ ಆಗುತ್ತದೆ. 0.02 ದಾಟಿದರೇ ನಾವು ಎಚ್ಚರ ಆಗಬೇಕು. ಕಿವಿರು ಸುಟ್ಟುಹೋಗುತ್ತದೆ. "ನೀರು ಬದಲಿಸಿದೆ, ಮರುದಿನ ಮೀನು ಸತ್ತಿತು" ಅಂತ ಎಷ್ಟೋ ಜನ ನೀರು ಬದಲಿಸುವುದನ್ನೇ ಬಿಟ್ಟುಬಿಡುತ್ತಾರೆ. ಪಾಪ, ನೀರು ಬದಲಿಸಿದ್ದು ತಪ್ಪಲ್ಲ, ಒಂದೇ ಸಲಕ್ಕೆ ಅಷ್ಟು ಬದಲಿಸಿದ್ದರಿಂದ ಹಾಗಾಯಿತು. ಜೊತೆಗೆ ಪಿಎಚ್, ನೈಟ್ರೇಟ್, ಕರಗಿದ ಲವಣ ಎಲ್ಲ ಒಟ್ಟಿಗೆ ಬದಲಾದ ಹೊಡೆತವೂ ಸೇರುತ್ತದೆ.

ಅಭಿಮಾನಿ ಅವರೇ, ಹೀಗೆ ಮಾಡಿ. ಬೆಳಿಗ್ಗೆ ಶೇ. 10, ಸಂಜೆ ಶೇ. 10 ನೀರು ತೆಗೆದು, ಒಂದು ದಿನ ಇಟ್ಟ, ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರು ನಿಧಾನಕ್ಕೆ ಹಾಕಿ. ಪೈಪಿನಲ್ಲಿ ಸಣ್ಣ ಧಾರೆಯಾಗಿ ಬಿಟ್ಟರೆ ಇನ್ನೂ ಒಳ್ಳೆಯದು. ದಿನಕ್ಕೆ ಪಿಎಚ್ 0.2, ಜಾಸ್ತಿ ಅಂದರೆ 0.3 ಏರಲಿ. ಅದಕ್ಕಿಂತ ಬೇಗ ಏರಿದರೆ ಸಂಜೆಯ ಪಾಳಿ ಬಿಟ್ಟುಬಿಡಿ. ಪಿಎಚ್ 7 ಮುಟ್ಟುವ ಹೊತ್ತಿಗೆ ಒಟ್ಟು ಅಮೋನಿಯಾ 1 ಪಿಪಿಎಂ ಒಳಗೆ ಬಂದಿರಬೇಕು. ಫಿಲ್ಟರ್ ಮುಟ್ಟಬೇಡಿ. ಊಟ ಬೇಡ. ಗೋಲ್ಡ್ ಫಿಶ್ ಒಂದು ವಾರ ಹಸಿದಿದ್ದರೆ ಏನೂ ಆಗುವುದಿಲ್ಲ, ಹಾಕಿದ ಪ್ರತಿ ಕಾಳೂ ಈಗ ಅಮೋನಿಯಾ.

ಒರಾಂಡಾ_ಅಭಿಮಾನಿ

ಅರ್ಥವಾಯಿತು, ಹಾಗೇ ಮಾಡುತ್ತೇನೆ. ಕ್ಲೋರಿನ್‌ಗೆ ಒಂದು ದಿನ ಇಟ್ಟರೆ ಸಾಕಾ, ಕ್ಲೋರಿನ್ ತೆಗೆಯುವ ಕಂಡಿಷನರ್ ದ್ರಾವಣ ಬೇಕೇ ಬೇಕಾ?

ಹಳೇ_ಟ್ಯಾಂಕ್

ಬರೀ ಕ್ಲೋರಿನ್ ಆದರೆ ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ, ಏರ್ ಸ್ಟೋನ್ ಹಾಕಿದರೆ ಇನ್ನೂ ಬೇಗ. ಕ್ಲೋರಮಿನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು) ಬಳಸುವ ಕಡೆ ಇಟ್ಟರೆ ಹೋಗುವುದಿಲ್ಲ, ಕಂಡಿಷನರ್ ಬೇಕೇ ಬೇಕು. ಬರೀ ಸೋಡಿಯಂ ಥಯೋಸಲ್ಫೇಟ್ ಹಾಕಿದರೆ ಕ್ಲೋರಮಿನ್ ಒಡೆದು ಅಮೋನಿಯಾ ಉಳಿಯುತ್ತದೆ. ಹಾಗಾಗಿ ಅಮೋನಿಯಾವನ್ನೂ ಹಿಡಿಯುವ ಕಂಡಿಷನರ್ ತಗೊಳ್ಳಿ. ಅದು ಹಿಡಿದಿಟ್ಟ ಅಮೋನಿಯಾ ಕೂಡ ಕಿಟ್‌ನಲ್ಲಿ ಕಾಣಬಹುದು, ಗಾಬರಿ ಬೇಡ. ಹಾಗಂತ ಅದನ್ನೇ ನಂಬಿ ನೀರು ಬದಲಿಸುವುದನ್ನು ನಿಲ್ಲಿಸಬೇಡಿ.

ರಾಂಚು_ಗೆಳೆಯ

ನೀರಿನ ಲೆಕ್ಕ ನೋಡಿದ ಮೇಲೆ ಒರಾಂಡಾ ವಿಷಯದಲ್ಲಿ ನಿಮ್ಮೆಲ್ಲರ ಮಾತೇ ಸರಿ. ರ್‍ಯುಕಿನ್ ತಲೆಕೆಳಗಾಗುವುದರ ಬಗ್ಗೆ ಮಾತ್ರ ನನಗೆ ಹೇಳುವುದಿದೆ, ಅದು ಬೇರೆ ವಿಷಯ.

ಫ್ಯಾನ್ಸಿ ಮೀನಿನ ಮೈ ನೋಡಿ. ಉದ್ದಕ್ಕೆ ಇರಬೇಕಾದ ಮೀನನ್ನು ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಆರಿಸಿ ಗುಂಡಗೆ ಮಾಡಿದ್ದಾನೆ. ಚೀನಾದಲ್ಲಿ ಸಾವಿರ ವರ್ಷದ ಹಿಂದೆ ಶುರುವಾದ ಕೆಲಸ ಇದು. ಬೆನ್ನುಮೂಳೆ ಗಿಡ್ಡವಾಯಿತು, ಒಳಗಿನ ಜಾಗ ಕುಗ್ಗಿತು. ಕರುಳು ಮಾತ್ರ ಉದ್ದವೇ ಇದೆ, ಮಡಚಿ ಮಡಚಿ ತುಂಬಿಕೊಂಡಿದೆ. ಮೀನನ್ನು ನೀರಿನಲ್ಲಿ ತೇಲಿಸುವ ಗಾಳಿಚೀಲಕ್ಕೆ ಎರಡು ಕೋಣೆ. ಗುಂಡು ಮೈಯ ಮೀನಿನಲ್ಲಿ ಹಿಂದಿನ ಕೋಣೆ ಎಷ್ಟೋ ಸಲ ಪುಟ್ಟದಾಗಿ, ವಕ್ರವಾಗಿ ಇರುತ್ತದೆ. ಕರುಳು ಉಬ್ಬಿದರೆ ಚೀಲದ ಮೇಲೆ ಒತ್ತುತ್ತದೆ, ತೂಕ ತಪ್ಪುತ್ತದೆ. ಇನ್ನೊಂದು ವಿಷಯ, ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ. ಒಂದೇ ಸಲ ತುಂಬಿಸಿಟ್ಟುಕೊಂಡು ನಿಧಾನಕ್ಕೆ ಅರಗಿಸಲು ಅದಕ್ಕೆ ಆಗುವುದಿಲ್ಲ. ಸ್ವಲ್ಪ ಸ್ವಲ್ಪ, ಆಗಾಗ ತಿನ್ನುವ ಜೀವ.

ಅದಕ್ಕೇ ತಿಂದ ಮೇಲೆ ಅರ್ಧ ಗಂಟೆ ತಲೆಕೆಳಗಾಗಿ ಆಮೇಲೆ ಸರಿಹೋದರೆ ಅದು ಬಹುಪಾಲು ಊಟದ ತೊಂದರೆ. ಇಡೀ ದಿನ ಹಾಗೇ ತೇಲುತ್ತಿದ್ದರೆ, ಇಲ್ಲವೇ ಪಕ್ಕಕ್ಕೆ ವಾಲಿ ಏಳಲಾಗದಿದ್ದರೆ ಬೇರೆ ಯೋಚನೆ ಮಾಡಬೇಕು.

ಹಳೇ_ಟ್ಯಾಂಕ್

ಒಪ್ಪುತ್ತೇನೆ. ಬಟಾಣಿಯ ಬಗ್ಗೆ ಮಾತ್ರ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬಟಾಣಿ ಮದ್ದಲ್ಲ. ಅದನ್ನು ಕೊಡುವ ದಿನ ಒಣ ಕಾಳು ನಿಲ್ಲಿಸುತ್ತೀವಿ, ಅದು ಮುಳುಗುತ್ತದೆ, ಮೆತ್ತಗಿದೆ. ಗುಣ ಕಾಣುವುದು ಹೆಚ್ಚಾಗಿ ಅದರಿಂದಲೇ ಅಂತ ನನ್ನ ನಂಬಿಕೆ. ವಾರಕ್ಕೊಮ್ಮೆ ಕೊಟ್ಟರೆ ಒಳ್ಳೆಯದೇ, ಅದನ್ನೇ ನಂಬಿ ಕೂರುವುದು ಬೇಡ.

ನಾನು ಕಂಡ ಹಾಗೆ ತೇಲುವ ಕಾಳು ಕೊಡುವುದನ್ನು ನಿಲ್ಲಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಮೀನು ಮೇಲೆ ಬಂದು ಚಪ್ಪರಿಸುವಾಗ ಗಾಳಿಯನ್ನೂ ನುಂಗುತ್ತದೆ. ಗೋಲ್ಡ್ ಫಿಶ್‌ನಲ್ಲಿ ಅನ್ನನಾಳಕ್ಕೂ ಗಾಳಿಚೀಲಕ್ಕೂ ನೇರ ದಾರಿ ಇದೆ. ಮುಳುಗುವ ಕಾಳು ತನ್ನಿ, ಇಲ್ಲವೇ ಜೆಲ್ ಆಹಾರ. ಜೆಲ್ ನನಗೆ ಇಷ್ಟ. ಅದರಲ್ಲಿ ಮೊದಲೇ ನೀರು ಇರುತ್ತದೆ, ಹೊಟ್ಟೆಯೊಳಗೆ ಹೋಗಿ ಉಬ್ಬುವುದಿಲ್ಲ. ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆ ಎರಡು ಸಲ. ಅವು ಬೇಡುತ್ತವೆ, ಗಾಜಿಗೆ ಮೂತಿ ಒತ್ತಿ ಕೂರುತ್ತವೆ. ಹಸಿವಿದೆ ಅಂತ ಅರ್ಥ ಮಾಡಬೇಡಿ, ಹೊಟ್ಟೆ ತುಂಬಿದ್ದರೂ ಹಾಗೇ ಮಾಡುತ್ತವೆ.

ಒರಾಂಡಾ_ಅಭಿಮಾನಿ

ಇವತ್ತಿನ ಲೆಕ್ಕ: ಅಮೋನಿಯಾ 1, ನೈಟ್ರೈಟ್ 0.5, ನೈಟ್ರೇಟ್ 40, ಪಿಎಚ್ 6.8, ಕೆಎಚ್ 2. ಒರಾಂಡಾ ಮೂಲೆ ಬಿಟ್ಟಿದೆ! ಬೆನ್ನಿನ ರೆಕ್ಕೆ ಪೂರ್ತಿ ಬಿಚ್ಚಿದೆ. ಅದನ್ನು ನೋಡಿ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಎಲ್ಲರಿಗೂ ತುಂಬು ಹೃದಯದ ಥ್ಯಾಂಕ್ಸ್.

ಎರಡು ಪ್ರಶ್ನೆ. ಇಲ್ಲದಿದ್ದ ನೈಟ್ರೈಟ್ ಈಗ ಯಾಕೆ ಬಂತು? ಇನ್ನೊಂದು, ಬ್ಲ್ಯಾಕ್ ಮೂರ್‌ನ ಕೆನ್ನೆಯ ಮೇಲೆ ಬಿಳಿ ಚುಕ್ಕೆ ಕಾಣಿಸುತ್ತಿವೆ. ಇಚ್ (ಬಿಳಿ ಚುಕ್ಕೆ ರೋಗ) ಬಂತಾ? ಔಷಧಿ ಹಾಕಲಾ?

ತಿಳಿನೀರು

ನೈಟ್ರೈಟ್ ಬಂದಿದ್ದು ಒಳ್ಳೆ ಸುದ್ದಿಯೇ. ಮೊದಲ ಬಗೆಯ ಬ್ಯಾಕ್ಟೀರಿಯಾ ಎದ್ದಿವೆ, ಎರಡನೆಯವು ಇನ್ನೂ ಎದ್ದಿಲ್ಲ. ಸ್ವಲ್ಪ ದಿನ ಹೀಗಿರುತ್ತದೆ. ಆದರೆ ನೈಟ್ರೈಟ್ ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ರಾಂಚು_ಗೆಳೆಯ ಮೊದಲು ಹೇಳಿದ ಉಪ್ಪು ಈಗ ಹಾಕಿ. ಲೀಟರಿಗೆ 1 ಗ್ರಾಂ, ಅಂದರೆ ನಿಮ್ಮ ಟ್ಯಾಂಕಿಗೆ 140 ಗ್ರಾಂ. ಬೇರೆ ಏನೂ ಬೆರೆಸದ ಬರೀ ಉಪ್ಪು. ಮಗ್ಗಿನಲ್ಲಿ ಕರಗಿಸಿ, ಎರಡು ಮೂರು ಕಂತಿನಲ್ಲಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್‌ಗೆ ಅಡ್ಡ ನಿಲ್ಲುತ್ತದೆ, ಒಳಗೆ ಬಿಡುವುದಿಲ್ಲ.

ಚುಕ್ಕೆ ವಿಷಯ. ಔಷಧಿ ಬಾಟಲಿ ಕೆಳಗಿಡಿ, ಮೊದಲು ಒಂದು ಟಾರ್ಚ್ ತಗೊಳ್ಳಿ. ದೀಪ ಆರಿಸಿ, ಬೆಳಕನ್ನು ಪಕ್ಕದಿಂದ ಬಿಡಿ. ಎರಡು ಜಾಗ ನೋಡಿ: ಕಿವಿರಿನ ಮುಚ್ಚಳ, ಮತ್ತು ಎದೆಯ ರೆಕ್ಕೆಯ ಮುಂದಿನ ಗಟ್ಟಿ ಕಡ್ಡಿ. ಚುಕ್ಕೆ ಬರೀ ಅಲ್ಲೇ ಇವೆಯಾ? ರೆಕ್ಕೆಯ ಕಡ್ಡಿಯ ಮೇಲೆ ಸಾಲಾಗಿ ಕೂತಿವೆಯಾ? ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆಯಾ? ಬಾಲದ ಮೇಲೆ, ಬೆನ್ನಿನ ಮೇಲೆ ಒಂದೂ ಇಲ್ಲವಾ? ಹಾಗಿದ್ದರೆ ಅದು ರೋಗವಲ್ಲ. ನಿಮ್ಮ ಮೂರ್ ಗಂಡು, ಬೆದೆಗೆ ಬಂದಿದೆ. ಆ ಕಾಲದಲ್ಲಿ ಗಂಡಿಗೆ ಇಂಥ ಗಟ್ಟಿ ಮೊಳಕೆಗಳು ಮೂಡುತ್ತವೆ, ಆಮೇಲೆ ತಾವಾಗಿಯೇ ಹೋಗುತ್ತವೆ. ಹೊಸ ನೀರು ಬಿದ್ದಾಗ ಮೀನಿಗೆ ಆ ಹುರುಪು ಬರುವುದು ಹೊಸದಲ್ಲ.

ಇಚ್ ಹಾಗಿರುವುದಿಲ್ಲ. ಅದಕ್ಕೆ ಜಾಗದ ಲೆಕ್ಕ ಇಲ್ಲ. ಬಾಲ, ರೆಕ್ಕೆ, ಮೈ, ಎಲ್ಲಿ ಬೇಕಾದರೂ ಚೆಲ್ಲಾಪಿಲ್ಲಿ ಬರುತ್ತದೆ. ದಿನದಿಂದ ದಿನಕ್ಕೆ ಜಾಗ ಬದಲಾಗುತ್ತದೆ. ಒಂದೊಂದು ಚುಕ್ಕೆ ಅರ್ಧದಿಂದ ಒಂದು ಮಿಲಿಮೀಟರ್. ಮೀನು ಗಾಜಿಗೆ, ಕಲ್ಲಿಗೆ ಮೈ ಉಜ್ಜುತ್ತದೆ. ಅದು ಬಂದಾಗ ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸಬಾರದು. ಚರ್ಮದ ಒಳಗಿರುವಾಗ ಆ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಕೆಳಗೆ ಬಿದ್ದು, ಒಡೆದು ನೂರಾರು ಮರಿಗಳು ನೀರಿಗೆ ಬಂದಾಗ ಮಾತ್ರ ಸಾಯುತ್ತದೆ.

ಒರಾಂಡಾ_ಅಭಿಮಾನಿ

ಟಾರ್ಚ್ ಹಾಕಿ ನೋಡಿದೆ. ಕಿವಿರು ಮುಚ್ಚಳದ ಮೇಲೆ ಹತ್ತಾರು, ರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ನೇರ ಸಾಲು. ಬಾಲದಲ್ಲಿ ಒಂದೂ ಇಲ್ಲ. ಹೆಣ್ಣು ಅಂದುಕೊಂಡಿದ್ದೆ! ಔಷಧಿ ಒಳಗಿಟ್ಟೆ.

ಮೊದಲ_ಮೀನು

ಉಪ್ಪು ಇಷ್ಟು ಉಪಯೋಗ ಅಂದಮೇಲೆ ಯಾವಾಗಲೂ ಸ್ವಲ್ಪ ಹಾಕಿಟ್ಟರೆ ಒಳ್ಳೆಯದಲ್ವಾ?

ರಾಂಚು_ಗೆಳೆಯ

ಬೇಡ. ಗೋಲ್ಡ್ ಫಿಶ್ ಸಿಹಿನೀರಿನ ಮೀನು. ಉಪ್ಪನ್ನು ಕಾರಣ ಇದ್ದಾಗ ಹಾಕಿ, ಕಾರಣ ಮುಗಿದ ಮೇಲೆ ತೆಗೆದುಬಿಡಿ. ಯಾವಾಗಲೂ ಹಾಕಿಟ್ಟರೆ ಸ್ವಲ್ಪ ಉಪ್ಪು ತಡೆಯುವ ಪರಾವಲಂಬಿಗಳು ಉಳಿದುಕೊಳ್ಳುತ್ತವೆ, ನಿಜವಾಗಿ ಬೇಕಾದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ನೆನಪಿಡಿ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆವಿಯಾದ ಜಾಗಕ್ಕೆ ತುಂಬುವ ನೀರಿಗೆ ಉಪ್ಪು ಸೇರಿಸಬೇಡಿ. ಬಕೆಟ್‌ನಲ್ಲಿ ತೆಗೆದು ಹಾಕಿದ ನೀರಿನ ಪಾಲಿಗೆ ಮಾತ್ರ ಸೇರಿಸಿ. ಇಲ್ಲದಿದ್ದರೆ ಉಪ್ಪು ನಿಮಗೇ ಗೊತ್ತಿಲ್ಲದೆ ಏರುತ್ತಾ ಹೋಗುತ್ತದೆ.

ಪಾಚಿಹಸಿರು

ಗಿಡದವರ ಕಡೆಯಿಂದ ಎರಡು ಮಾತು. ನೈಟ್ರೇಟ್ ತಿನ್ನಲು ಗಿಡ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಮೂರು ದೊಡ್ಡ ಗೋಲ್ಡ್ ಫಿಶ್ ಹಾಕುವ ನೈಟ್ರೇಟ್ ಮುಂದೆ ಟ್ಯಾಂಕಿನೊಳಗಿನ ನಾಲ್ಕು ಗಿಡ ಏನೂ ಸಾಲದು. ನೀರು ಬದಲಿಸುವುದು ತಪ್ಪಿದ್ದಲ್ಲ. ಆದರೂ ಇಡಿ, ಮೀನಿಗೆ ನೆರಳು, ಆಟ, ಮೇವು ಎಲ್ಲ ಆಗುತ್ತದೆ. ಅನುಬಿಯಾಸ್, ಜಾವಾ ಫರ್ನ್ ಎಲೆ ಗಟ್ಟಿ, ಸಾಮಾನ್ಯವಾಗಿ ತಿನ್ನುವುದಿಲ್ಲ. ಕಲ್ಲಿಗೋ ಮರದ ತುಂಡಿಗೋ ಕಟ್ಟಿಬಿಡಿ. ಬೇರು ಹೂತರೆ ಅಗೆದು ಕಿತ್ತುಹಾಕುತ್ತವೆ. ಪೋಥೋಸ್ (ಮನಿ ಪ್ಲಾಂಟ್) ಬಳ್ಳಿಯ ಬೇರು ಮಾತ್ರ ನೀರಿಗೆ ಇಳಿಬಿಟ್ಟು ಎಲೆ ಹೊರಗೆ ಇಟ್ಟರೆ ಒಳಗಿನ ಗಿಡಗಳಿಗಿಂತ ಜಾಸ್ತಿ ನೈಟ್ರೇಟ್ ಎಳೆಯುತ್ತದೆ. ಎಲೆ ಮೀನಿನ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಉಪ್ಪು ಇರುವ ತನಕ ಹೊಸ ಗಿಡ ತರಬೇಡಿ.

ತಳಕ್ಕೆ ಏನು ಹಾಕಿದ್ದೀರಿ? ಕಡಲೆಕಾಳು ಗಾತ್ರದ ಜಲ್ಲಿ ಇದ್ದರೆ ತೆಗೆದುಬಿಡಿ. ಗೋಲ್ಡ್ ಫಿಶ್ ತಳವನ್ನು ಬಾಯಿಗೆ ಹಾಕಿ ಹಾಕಿ ಉಗುಳುತ್ತದೆ, ಆ ಅಳತೆಯ ಕಲ್ಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಹರಡಿದ ನುಣುಪು ಮರಳು, ಇಲ್ಲದಿದ್ದರೆ ಬರೀ ಗಾಜು.

ಒರಾಂಡಾ_ಅಭಿಮಾನಿ

ತೆಳ್ಳಗೆ ಮರಳು ಇದೆ, ಜಲ್ಲಿ ಇಲ್ಲ.

ಲೆಕ್ಕ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 20, ಪಿಎಚ್ 7.4, ಕೆಎಚ್ 3. ಮುಳುಗುವ ಕಾಳು ಶುರುಮಾಡಿದೆ. ರ್‍ಯುಕಿನ್ ತಿಂದ ಮೇಲೂ ನೆಟ್ಟಗಿದೆ. ಒರಾಂಡಾ ಇಡೀ ದಿನ ಮರಳು ಜಾಲಿಸುತ್ತಾ ಓಡಾಡುತ್ತಿದೆ. ಆದರೆ ಅದರ ಬಾಲದ ಅಂಚಿನಲ್ಲಿ ಕಪ್ಪು ಬಂದಿದೆ, ಹೊಟ್ಟೆಯ ಪಕ್ಕದಲ್ಲೂ ಒಂದು ಕಪ್ಪು ಮಚ್ಚೆ. ಇದೇನು?

ಇನ್ನು ಮುಂದೆ ಕೆಎಚ್ ಹೇಗೆ ಕಾಯ್ದುಕೊಳ್ಳಲಿ? ಫಿಲ್ಟರ್ ತೊಳೆಯಬಹುದಾ? ಮನೆಯಲ್ಲಿ ಮಗಳು ಒಂದು ಬಬಲ್ ಐ (ಇನ್ನೊಂದು ಬಗೆಯ ಗೋಲ್ಡ್ ಫಿಶ್) ಬೇಕು ಅಂತ ಕೇಳುತ್ತಿದ್ದಾಳೆ. ಅದಕ್ಕೂ ಉತ್ತರ ಹೇಳಿಬಿಡಿ.

ತಿಳಿನೀರು

ಕಪ್ಪು ಬಂದಿದ್ದು ವಾಸಿಯಾಗುತ್ತಿರುವ ಗುರುತು. ಅಮೋನಿಯಾ ಸುಟ್ಟ ಜಾಗ ಮಾಯುವಾಗ ಗೋಲ್ಡ್ ಫಿಶ್‌ನ ಚರ್ಮ ಹೀಗೆ ಕಪ್ಪಾಗುತ್ತದೆ. ಕೆಲವು ವಾರದಲ್ಲಿ ಮಾಸುತ್ತದೆ. ನೀರಿನ ಲೆಕ್ಕ ಸರಿಯಾಗಿದ್ದೂ ಹೊಸ ಹೊಸ ಜಾಗದಲ್ಲಿ ಬರುತ್ತಿದ್ದರೆ ಮಾತ್ರ ಮತ್ತೆ ಬರೆಯಿರಿ. ಹುರುಪೆಗಳೆಲ್ಲ ಮೇಲೆದ್ದು ಹೊಟ್ಟೆ ಉಬ್ಬಿದರೆ ಕಾಯಬೇಡಿ, ಅದು ಡ್ರಾಪ್ಸಿ. ತಕ್ಷಣ ಮೀನಿನ ವೈದ್ಯರಿಗೆ ತೋರಿಸಿ.

ನೈಟ್ರೈಟ್ 0 ಇರುವುದರಿಂದ ಉಪ್ಪು ಸೇರಿಸುವುದು ನಿಲ್ಲಿಸಿ. ಮುಂದಿನ ನೀರು ಬದಲಾವಣೆಗಳಲ್ಲಿ ತಾನೇ ಇಳಿದುಹೋಗುತ್ತದೆ.

ಹಳೇ_ಟ್ಯಾಂಕ್

ಉಳಿದದ್ದು ನಾನು ಹೇಳುತ್ತೇನೆ.

ಕೆಎಚ್ 4ರಿಂದ 6 ಇಟ್ಟುಕೊಳ್ಳಿ. ನಿಮ್ಮ ನಲ್ಲಿ ನೀರಿನಲ್ಲಿ 3 ಮಾತ್ರ ಇರುವುದರಿಂದ ಸ್ವಲ್ಪ ಸೇರಿಸಬೇಕು. ಈಗ ಅಮೋನಿಯಾ ಇಲ್ಲ, ಹಾಗಾಗಿ ಅಡುಗೆ ಸೋಡಾ ಬಳಸಬಹುದು. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಟ್ಯಾಂಕಿಗೆ ನೇರ ಸುರಿಯಬೇಡಿ, ಹಾಕುವ ಹೊಸ ನೀರಿಗೆ ಬೆರೆಸಿ. ವಾರಕ್ಕೆ 50 ಲೀಟರ್ ಬದಲಿಸಿದರೆ ಆ ಬಕೆಟ್‌ಗಳಲ್ಲಿ ಒಟ್ಟು 3 ಗ್ರಾಂ, ಅಂದರೆ ಹೊಸ ನೀರು 5 ಡಿಗ್ರಿ ಇರುತ್ತದೆ. ಇದರ ಜೊತೆಗೆ ಒಂದು ಜಾಲರಿ ಚೀಲದಲ್ಲಿ ತೊಳೆದ ಹವಳದ ಚೂರು ಇಲ್ಲವೇ ಕಪ್ಪೆಚಿಪ್ಪಿನ ಚೂರು ತುಂಬಿ ಫಿಲ್ಟರಿನಲ್ಲಿ ಇಡಿ. ನೀರು ಆಮ್ಲದ ಕಡೆ ವಾಲಿದಷ್ಟೂ ಅದು ಜಾಸ್ತಿ ಕರಗುತ್ತದೆ. ನೀವು ಒಂದು ವಾರ ಮರೆತರೂ ಪಿಎಚ್ ಬೀಳದ ಹಾಗೆ ಹಿಡಿದುಕೊಳ್ಳುತ್ತದೆ. ಮೇಲೆ ಲೋಳೆ ಕಟ್ಟಿದರೆ ಕರಗುವುದು ನಿಲ್ಲುತ್ತದೆ, ಆಗಾಗ ಅಲ್ಲಾಡಿಸಿ ತೊಳೆಯಿರಿ.

ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ. ಬದಲಿಸುವ ಮೊದಲು ಕೆಎಚ್, ನೈಟ್ರೇಟ್ ಎರಡನ್ನೂ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ. ಕೆಎಚ್ ಇಳಿಯುತ್ತಾ ನೈಟ್ರೇಟ್ ಏರುತ್ತಾ ಹೋದರೆ ಊಟ ಜಾಸ್ತಿಯಾಗಿದೆ, ಇಲ್ಲವೇ ನೀರು ಬದಲಿಸಿದ್ದು ಸಾಲದು.

ಫಿಲ್ಟರ್ ಈಗಲೇ ಬೇಡ. ಇನ್ನೂ ಎರಡು ಮೂರು ವಾರ ಲೆಕ್ಕ ಸರಿಯಾಗಿ ನಿಂತ ಮೇಲೆ ತೊಳೆಯಿರಿ. ಎರಡು ಫಿಲ್ಟರನ್ನೂ ಒಂದೇ ದಿನ ಮುಟ್ಟಬೇಡಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಾಂಜ್ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ. ಹಿಂದಿನ ಫಿಲ್ಟರಿನ ಧಾರೆ ಜೋರಿದ್ದರೆ ಬಾಯಿಗೆ ಒಂದು ಸ್ಪಾಂಜ್ ತುಂಡು ಕಟ್ಟಿ. ಉದ್ದ ರೆಕ್ಕೆಯ ಮೀನು ಇಡೀ ದಿನ ಧಾರೆಗೆ ಎದುರು ಈಜಿ ಸುಸ್ತಾಗಬಾರದು.

ಬಬಲ್ ಐ ಈ ಟ್ಯಾಂಕಿಗೆ ಬೇಡ. ಮೊದಲ ಮೀನಿಗೆ 75 ಲೀಟರ್, ಆಮೇಲೆ ಒಂದೊಂದಕ್ಕೂ 40 ಅಂತ ನಾವು ಇಟ್ಟುಕೊಳ್ಳುವ ಲೆಕ್ಕ. ಮೂರಕ್ಕೇ 155 ಆಯಿತು, ನಿಮ್ಮಲ್ಲಿ ಇರುವುದು 140. ಜಾಗ ಇದ್ದರೂ ನಾನು ಬೇಡ ಅನ್ನುತ್ತಿದ್ದೆ. ಬಬಲ್ ಐಗೆ ಕಣ್ಣಿನ ಕೆಳಗೆ ನೀರು ತುಂಬಿದ ಮೆತ್ತನೆ ಚೀಲ, ಬೆನ್ನಿನ ರೆಕ್ಕೆ ಇಲ್ಲ, ಈಜು ನಿಧಾನ. ನಿಮ್ಮ ರ್‍ಯುಕಿನ್ ಊಟಕ್ಕೆ ನುಗ್ಗುವಾಗ ಅದಕ್ಕೆ ಒಂದು ಕಾಳೂ ಸಿಗುವುದಿಲ್ಲ, ಚೀಲ ಹರಿದರೂ ಆಶ್ಚರ್ಯವಿಲ್ಲ. ಅದನ್ನು ಅದರ ಜಾತಿಯ ಜೊತೆಗೇ ಇಡಬೇಕು, ಚೂಪು ಅಂಚಿನ ಏನೂ ಇಲ್ಲದ ಬೇರೆ ಟ್ಯಾಂಕಿನಲ್ಲಿ.

ಮಗಳಿಗೆ ವಾರದ ಟೆಸ್ಟ್ ಮಾಡುವ ಕೆಲಸ ಕೊಡಿ. ಹನಿ ಎಣಿಸಿ ಬಣ್ಣ ತಿರುಗುವುದನ್ನು ನೋಡುವುದು ಮಕ್ಕಳಿಗೆ ಇಷ್ಟ ಆಗುತ್ತದೆ. ಮುಂದೆ ಯಾವತ್ತಾದರೂ ದೊಡ್ಡ ಟ್ಯಾಂಕ್ ಮಾಡಿ ನಾಲ್ಕನೇ ಮೀನು ತಂದರೆ, ಅದನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಅದರದೇ ಫಿಲ್ಟರ್, ಅದರದೇ ಬಲೆ ಕೊಟ್ಟು ಇಡಿ. ಕಿವಿರಿನ ಫ್ಲೂಕ್, ಆಂಕರ್ ವರ್ಮ್ ಇಂಥ ಪರಾವಲಂಬಿಗಳೆಲ್ಲ ಹೊಸ ಮೀನಿನ ಜೊತೆಗೇ ಬರುವುದು.